‘ರೋಗ ತಡೆಯುವ ಜೀನ್’ ಇರುವ ಸಿಗಡಿ ಮರಿಗೆ ಹೆಚ್ಚು ದುಡ್ಡು ಕೊಡಬೇಕೆ?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಕುಮಟಾ ತಾಲ್ಲೂಕು, ಅಘನಾಶಿನಿ ಹೊಳೆಯಂಚಿನ ಊರು. ಅಪ್ಪನ ಕಾಲದ ಗಜನಿಯಲ್ಲಿ (ಹೊಳೆಯ ಉಪ್ಪುನೀರು ನುಗ್ಗುವ ಗದ್ದೆಯಲ್ಲಿ) ಒಂದೊಂದು ಎಕರೆಯ ಮೂರು ಹೊಂಡ ಮಾಡಿಕೊಂಡು ವನ್ನಾಮಿ ಸಿಗಡಿ ಸಾಕುತ್ತಿದ್ದೇನೆ. ಹಿಂದಿನ ಎರಡೂ ಬೆಳೆ ವೈರಸ್ ರೋಗ ವೈಟ್ ಸ್ಪಾಟ್‌ಗೆ ಹೋಯಿತು. ಎರಡನೆಯದು ಡಿಸೆಂಬರಿನಲ್ಲಿ, ಮರಿ ಬಿಟ್ಟ 52ನೇ ದಿನಕ್ಕೆ. ಮರಿ ತರುವಾಗ ಪಿಸಿಆರ್ ನೆಗೆಟಿವ್ ಎಂದು ರಿಪೋರ್ಟ್ ಕೊಟ್ಟಿದ್ದರು, ಬಿಲ್ಲಿನಲ್ಲಿ ಎಸ್‌ಪಿಎಫ್ ಎಂದೂ, ಅಂದರೆ ರೋಗಾಣುವಿಲ್ಲದ ಮರಿ ಎಂದೂ, ಬರೆದಿತ್ತು. ಅದೇ ಲೋಡಿನ ಮರಿ ಹಾಕಿದ ಪಕ್ಕದವರು ಬೆಳೆ ತೆಗೆದರು. ಈಗ ಏಜೆಂಟರೊಬ್ಬರು ‘ಇಮ್ಯೂನ್ ಜೀನ್ ನೋಡಿ ಆರಿಸಿದ ಮರಿ, ಇದಕ್ಕೆ ವೈರಸ್ ತಾಗುವುದೇ ಇಲ್ಲ’ ಎಂದು ಮರಿಗೆ 15 ಪೈಸೆ ಜಾಸ್ತಿ ಕೇಳುತ್ತಿದ್ದಾರೆ. ಜೊತೆಗೆ ಫೀಡಿಗೆ ಬೆರೆಸುವ ಒಂದು ಪುಡಿ. ಮಗಳು ಬಿ.ಎಸ್ಸಿ. ಓದುತ್ತಿದ್ದಾಳೆ, ಅಂಥ ಜೀನ್ ಇರುವುದು ನಿಜವೇ ಅನ್ನುತ್ತಾಳೆ. ಮನುಷ್ಯರಿಗೆ, ಕೋಳಿಗೆ ಲಸಿಕೆ ಇದೆ, ಸಿಗಡಿಗೆ ಯಾಕಿಲ್ಲ? ಈ ಮರಿ ತರಲೋ ಬೇಡವೋ? ಇನ್ನೊಂದು ಬೆಳೆ ಹೋದರೆ ಸೊಸೈಟಿ ಸಾಲ ತೀರಿಸುವ ದಾರಿ ಕಾಣುವುದಿಲ್ಲ.

ಉತ್ತರ: ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ. ಆ ಮರಿಗೆ ಆ 15 ಪೈಸೆ ಕೊಡಬೇಡಿ. ಮರಿ ಕೆಟ್ಟದ್ದು ಎಂದಲ್ಲ, ಅದನ್ನು ನಾನು ನೋಡಿಲ್ಲ. ‘ವೈರಸ್ ತಾಗುವುದೇ ಇಲ್ಲ’ ಎಂಬ ಮಾತಿಗೆ ದುಡ್ಡು ಕೊಡಬೇಡಿ ಎನ್ನುತ್ತಿದ್ದೇನೆ. ಚದರ ಮೀಟರಿಗೆ 40 ಮರಿ ಎಂದುಕೊಂಡರೆ ಎಕರೆಗೆ 1.6 ಲಕ್ಷ, ನಿಮ್ಮ ಮೂರು ಹೊಂಡಕ್ಕೆ 4.8 ಲಕ್ಷ. ಹದಿನೈದು ಪೈಸೆ ಎಂದರೆ 72 ಸಾವಿರ ರೂಪಾಯಿ. ಆ ದುಡ್ಡಿಗೆ ಇದಕ್ಕಿಂತ ಒಳ್ಳೆಯ ಕೆಲಸಗಳಿವೆ.

ನಿಮ್ಮ ಮಗಳು ಹೇಳಿದ್ದು ಮಾತ್ರ ಸರಿ. ಸಿಗಡಿಯಲ್ಲಿ ವೈರಸ್ ವಿರುದ್ಧ ದುಡಿಯುವ ಜೀನ್‌ಗಳಿವೆ, ಒಂದೆರಡಲ್ಲ, ಹತ್ತಾರು. ಆ ಸತ್ಯ ಮತ್ತು ಏಜೆಂಟರ ಸುಳ್ಳು ಇವೆರಡರ ನಡುವೆ ಇರುವ ಜಾಗದಲ್ಲೇ ನಿಮ್ಮಂಥವರ ದುಡ್ಡು ಕರಗುವುದು. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಡಿಸೆಂಬರಿನ ಆ ಬೆಳಿಗ್ಗೆ ನೀವು ಏನು ನೋಡಿರಬಹುದು ಎಂದು ನಾನು ಊಹಿಸಬಲ್ಲೆ. ಹಿಂದಿನ ದಿನದವರೆಗೆ, ಫೀಡ್ ತಿಂದವೋ ನೋಡಲು ಇಳಿಸುವ ಚೆಕ್ ಟ್ರೇ ಖಾಲಿಯಾಗುತ್ತಿತ್ತು, ಅಂದು ಫೀಡ್ ಹಾಗೇ ಉಳಿದಿರುತ್ತದೆ. ಕೆಲವು ಸಿಗಡಿ ದಂಡೆಯಂಚಿಗೆ ಬಂದು ನಿಧಾನಕ್ಕೆ ತೇಲುತ್ತಿರುತ್ತವೆ. ಕೈಹಾಕಿದರೂ ಚಿಮ್ಮುವುದಿಲ್ಲ, ಮೈ ತುಸು ಕೆಂಪಗೆ. ನಿಮಗಿಂತ ಮುಂಚೆ ಬೆಳ್ಳಕ್ಕಿಗಳಿಗೆ ಸುದ್ದಿ ಮುಟ್ಟಿರುತ್ತದೆ. ತಲೆಯ ಚಿಪ್ಪು ಬಿಡಿಸಿ ಬೆಳಕಿಗೆ ಹಿಡಿದರೆ ಸುಣ್ಣದ ಹನಿ ಸಿಡಿದ ಹಾಗೆ ಅರ್ಧ ಮಿಲಿಮೀಟರಿನಿಂದ ಎರಡು ಮಿಲಿಮೀಟರಿನ ಬಿಳಿ ಚುಕ್ಕೆ. ಅಲ್ಲಿಂದ ಮೂರರಿಂದ ಹತ್ತು ದಿನದೊಳಗೆ ಹೊಂಡ ಖಾಲಿ.

ಇಲ್ಲಿ ಒಂದು ಮಾತು. ವನ್ನಾಮಿಯಲ್ಲಿ ಎಷ್ಟೋ ಸಲ ಚುಕ್ಕೆಯೇ ಕಾಣದೆ ಸಾವು ಬರುತ್ತದೆ. ಹಾಗೆಯೇ ನೀರಿನ ಕ್ಷಾರ ಹೆಚ್ಚಿದಾಗ, ಕೆಲವು ಬ್ಯಾಕ್ಟೀರಿಯಾದಿಂದ, ವೈರಸ್ ಇಲ್ಲದೆಯೂ ಚಿಪ್ಪಿನ ಮೇಲೆ ಬಿಳಿ ಚುಕ್ಕೆ ಬೀಳುತ್ತದೆ. ಹಾಗಾಗಿ ಸತ್ತ ಸಿಗಡಿಯ ಪಿಸಿಆರ್ ಮಾಡಿಸಿದ್ದೀರಾ? ಪತ್ರದಲ್ಲಿ ಬರೆದಿಲ್ಲ. ಮಾಡಿಸಿಲ್ಲವಾದರೆ ನಾವಿಬ್ಬರೂ ಊಹೆಯ ಮೇಲೆ ಮಾತಾಡುತ್ತಿದ್ದೇವೆ. ಆದರೆ ಡಿಸೆಂಬರು, 52ನೇ ದಿನ, ಬೆಳೆ ಪೂರ್ತಿ ನಾಶ, ಇದು ವೈಟ್ ಸ್ಪಾಟ್‌ನ ಜಾತಕವೇ.

ಸಿಗಡಿಗೆ ಯಾಕೆ ಲಸಿಕೆ ಇಲ್ಲ

ಲಸಿಕೆ ಎಂದರೆ ದೇಹಕ್ಕೆ ಪಾಠ. ಈ ಶತ್ರುವಿನ ಮುಖ ಹೀಗಿರುತ್ತದೆ, ನೆನಪಿಟ್ಟುಕೋ ಎಂದು ತೋರಿಸಿಕೊಡುವುದು. ಮನುಷ್ಯ, ದನ, ಕೋಳಿ, ಮೀನು, ಇವುಗಳ ರಕ್ತದಲ್ಲಿ ಆ ನೆನಪನ್ನು ವರ್ಷಗಟ್ಟಲೆ ಹೊತ್ತು ತಿರುಗುವ ಕಣಗಳಿವೆ, ಪ್ರತಿಕಾಯಗಳಿವೆ. ಸಿಗಡಿಗೆ ಎರಡೂ ಇಲ್ಲ. ಅದಕ್ಕಿರುವುದು ಹುಟ್ಟಿನಿಂದ ಬಂದ ಕಾವಲು ಮಾತ್ರ.

ಆ ಕಾವಲನ್ನು ನೀವು ದಿನವೂ ನೋಡುತ್ತೀರಿ. ಮೀಸೆ ಮುರಿದ ಜಾಗ, ಬಲೆಗೆ ತರಚಿದ ಜಾಗ ಎರಡು ದಿನದಲ್ಲಿ ಕಪ್ಪಾಗುತ್ತದಲ್ಲ, ಅದು ಕೊಳೆಯಲ್ಲ. ರಕ್ತದ ಕಣಗಳು ಒಂದು ಕಿಣ್ವವನ್ನು ಎಬ್ಬಿಸಿ, ಗಾಯದ ಬಾಯಿಗೆ ಮೆಲನಿನ್ ಎಂಬ ಕಪ್ಪು ಬಣ್ಣದ ಬಿರಡೆ ಹಾಕುತ್ತವೆ. ಹಾಗೆಯೇ ರಕ್ತ ಹೆಪ್ಪುಗಟ್ಟುವುದು. ಆರೋಗ್ಯವಾಗಿರುವ ಸಿಗಡಿಯ ರಕ್ತ ಒಂದು ಹನಿ ಗಾಜಿನ ಮೇಲೆ ಬಿಟ್ಟರೆ ನೋಡನೋಡುತ್ತ ಲೋಳೆಯಾಗುತ್ತದೆ. ವೈಟ್ ಸ್ಪಾಟ್ ಹಿಡಿದ ಸಿಗಡಿಯ ರಕ್ತ ನೀರಿನಂತೆ ಹರಿದುಕೊಂಡೇ ಇರುತ್ತದೆ, ಯಾಕೆಂದರೆ ವೈರಸ್ ತಿಂದು ಹಾಕಿದ್ದು ಆ ಕಣಗಳನ್ನೇ. ದಂಡೆಯ ಮೇಲೆ ಕೂತು, ಸೂಜಿ ಮತ್ತು ಗಾಜಿನ ಚೂರು ಇಟ್ಟುಕೊಂಡು, ಲ್ಯಾಬ್ ರಿಪೋರ್ಟ್ ಬರುವ ಮೊದಲೇ ಅನುಮಾನ ಬಲಪಡಿಸಿಕೊಳ್ಳಲು ನಾನು ಈಗಲೂ ಇದನ್ನೇ ಮಾಡುತ್ತೇನೆ. ರೋಗ ಖಚಿತಪಡಿಸಲು ಇದು ಸಾಲದು ಎನ್ನುವುದು ನೆನಪಿರಲಿ.

ಕಣ್ಣಿಗೆ ಕಾಣದ ಕಾವಲೂ ಇದೆ. ಪಿನೈಡಿನ್, ಕ್ರಸ್ಟಿನ್, ಎಎಲ್‌ಎಫ್ ಎಂಬ ಚಿಕ್ಕಚಿಕ್ಕ ಪ್ರೋಟೀನುಗಳು ರಕ್ತದಲ್ಲಿರುತ್ತವೆ. ಟೋಲ್, ಐಎಂಡಿ, ಜ್ಯಾಕ್-ಸ್ಟ್ಯಾಟ್ ಎಂಬ ಮೂರು ದಾರಿಗಳಲ್ಲಿ ಅಪಾಯದ ಸುದ್ದಿ ಜೀವಕೋಶದ ಕೇಂದ್ರಕ್ಕೆ ಹೋಗುತ್ತದೆ. ವೈರಸ್ಸಿನ ಆರ್‌ಎನ್‌ಎಯನ್ನು ಹುಡುಕಿ ತುಂಡರಿಸುವ ಡೈಸರ್, ಆರ್ಗೊನಾಟ್ ಎಂಬ ಕತ್ತರಿಗಳಿವೆ. ನಿಮ್ಮ ಮಗಳು ಓದಿರುವ ‘ಇಮ್ಯೂನ್ ಜೀನ್’ ಎಂದರೆ ಇವುಗಳನ್ನು ಮಾಡಿಸುವ ಜೀನ್‌ಗಳು. ಪ್ರಯೋಗಾಲಯದಲ್ಲಿ ಎಎಲ್‌ಎಫ್ ಜೀನ್‌ನ ಬಾಯಿ ಮುಚ್ಚಿಸಿದರೆ ಸಿಗಡಿಯಲ್ಲಿ ವೈರಸ್ ಹೆಚ್ಚುತ್ತದೆ. ಅಂದರೆ ಆ ಜೀನ್ ದುಡಿಯುತ್ತಿತ್ತು ಎಂದಾಯಿತು.

ಹಾಗಾದರೆ ಅದೇ ಜೀನ್ ಗಟ್ಟಿಯಾಗಿರುವ ಸಿಗಡಿ ಆರಿಸಿದರೆ ಆಯಿತಲ್ಲ? ಆಗುವುದಿಲ್ಲ, ಯಾಕೆಂದರೆ ಎದುರಾಳಿ ಸಾಮಾನ್ಯನಲ್ಲ. ವೈಟ್ ಸ್ಪಾಟ್ ವೈರಸ್ಸಿನ ಡಿಎನ್‌ಎ ಸುಮಾರು 3 ಲಕ್ಷ ಅಕ್ಷರಗಳಷ್ಟು ಉದ್ದ, ವೈರಸ್‌ಗಳ ಲೋಕದಲ್ಲಿ ಅದು ದೊಡ್ಡ ಕುಳ. ಅಷ್ಟು ಉದ್ದದ ಡಿಎನ್‌ಎಯಲ್ಲಿ ಕಳ್ಳಕೀಲಿಗಳಿಗೂ ಬೇಕಾದಷ್ಟು ಜಾಗವಿದೆ. ಆಗ ಹೇಳಿದ ಜ್ಯಾಕ್-ಸ್ಟ್ಯಾಟ್ ದಾರಿಯನ್ನೇ ತೆಗೆದುಕೊಳ್ಳಿ. ಅಪಾಯದ ಸುದ್ದಿ ಹೊತ್ತ ಸ್ಟ್ಯಾಟ್ ಪ್ರೋಟೀನು ಕೇಂದ್ರಕ್ಕೆ ಬಂದಾಗ, ವೈರಸ್ ತನ್ನ ಮೊಟ್ಟಮೊದಲ ಜೀನ್ ಒಂದನ್ನು ಚಾಲೂ ಮಾಡಿಕೊಳ್ಳಲು ಅದನ್ನೇ ಬಳಸುತ್ತದೆ. ಕಳ್ಳ ಬಂದನೆಂದು ಬಾರಿಸುವ ಗಂಟೆಯ ಹಗ್ಗವನ್ನೇ ಹಿಡಿದು ಕಳ್ಳ ಅಟ್ಟ ಹತ್ತಿದ ಹಾಗೆ.

ಇನ್ನೊಂದು ಉದಾಹರಣೆ ರ‍್ಯಾಬ್7 ಎಂಬ ಪ್ರೋಟೀನು. ಜೀವಕೋಶದೊಳಗಿನ ಸರಕು ಸಾಗಣೆ ಅದರ ಕೆಲಸ. ವೈರಸ್ಸಿನ ಹೊರಮೈಯ ವಿಪಿ28 ಪ್ರೋಟೀನು ಅದಕ್ಕೆ ಅಂಟಿಕೊಳ್ಳುತ್ತದೆ ಎಂದು ಥಾಯ್ಲೆಂಡಿನ ವಿಜ್ಞಾನಿಗಳು 2006ರಲ್ಲಿ ತೋರಿಸಿದರು. ರ‍್ಯಾಬ್7 ಇಲ್ಲವಾದರೆ ವೈರಸ್ಸಿಗೆ ಗಾಡಿ ಸಿಗುವುದಿಲ್ಲ. ಆದರೆ ಸಿಗಡಿಗೂ ಸಿಗುವುದಿಲ್ಲ! ಅದನ್ನು ಕಿತ್ತು ಹಾಕಿ ತಳಿ ಮಾಡುವ ಹಾಗಿಲ್ಲ.

ಲಸಿಕೆಯ ಪ್ರಯತ್ನಗಳು ಆಗಿಲ್ಲವೆಂದಲ್ಲ. ವಿಪಿ28 ಪ್ರೋಟೀನನ್ನು ಫೀಡಿನಲ್ಲಿ ತಿನ್ನಿಸಿ ನೋಡಿದ್ದಾರೆ, ಕೆಲವು ವಾರ ಸಾವು ಕಡಿಮೆಯಾಗುತ್ತದೆ, ಆಮೇಲೆ ಪರಿಣಾಮ ಇಳಿಯುತ್ತದೆ. ವೈರಸ್ಸಿನ ಜೀನ್‌ಗೆ ಹೊಂದುವ ಜೋಡಿ ಎಳೆಯ ಆರ್‌ಎನ್‌ಎಯನ್ನು ಸೂಜಿಯಲ್ಲಿ ಚುಚ್ಚಿದರೆ ಸಿಗಡಿ ಚೆನ್ನಾಗಿಯೇ ಬದುಕುತ್ತದೆ. 4.8 ಲಕ್ಷ ಸಿಗಡಿಗೆ ಸೂಜಿ ಚುಚ್ಚುವವರು ಯಾರು? ಫೀಡಿನಲ್ಲಿ ಕೊಟ್ಟರೆ ಹೊಟ್ಟೆಯಲ್ಲೇ ಬಹುಪಾಲು ಕರಗಿಹೋಗುತ್ತದೆ.

ಪುಡಿಯ ವಿಷಯ ಎರಡು ಸಾಲಿನಲ್ಲಿ ಮುಗಿಸುತ್ತೇನೆ. ಅಂಥ ಪುಡಿಗಳಲ್ಲಿ ಸಾಮಾನ್ಯವಾಗಿ ಇರುವುದು ಯೀಸ್ಟಿನ ಬೀಟಾ-ಗ್ಲೂಕನ್, ವಿಟಮಿನ್ ಸಿ ಮುಂತಾದವು. ಮಳೆ ಬೀಳುವ ಮುಂಚೆ, ಮರಿ ಬಿಡುವ ಮುಂಚೆ ಕೆಲವು ದಿನ ಕೊಟ್ಟರೆ ಒತ್ತಡ ತಡೆಯಲು ಸ್ವಲ್ಪ ಸಹಾಯವಾದೀತು. ವೈಟ್ ಸ್ಪಾಟ್ ತಡೆಯುವುದಿಲ್ಲ. ಲೇಬಲ್ಲಿನಲ್ಲಿ ಏನಿದೆ ಎಂದೇ ಬರೆಯದ ಪುಡಿ ಬೇಡವೇ ಬೇಡ. ಅದರಲ್ಲಿ ನಿಷೇಧಿತ ಆಂಟಿಬಯೋಟಿಕ್ ಬೆರೆತಿದ್ದರೆ ಮಾಲು ವಾಪಸ್ಸಾಗುವುದು ನಿಮ್ಮ ಹೆಸರಿನಲ್ಲಿ.

ತಳಿಯಿಂದ ಎಷ್ಟು ಸಾಧ್ಯ

ಇದು ನಿಮ್ಮ ಪ್ರಶ್ನೆಯ ಹೃದಯ. ಸ್ವಲ್ಪ ತಾಳ್ಮೆಯಿಂದ ಓದಿ.

ತಳಿ ಆರಿಸಿ ರೋಗ ಗೆದ್ದ ಕಥೆಗಳು ಸಿಗಡಿ ಲೋಕದಲ್ಲಿವೆ. 1992ರಲ್ಲಿ ಈಕ್ವೆಡಾರಿನ ಟೌರಾ ನದಿಯ ಬಳಿಯ ಹೊಂಡಗಳಲ್ಲಿ ವನ್ನಾಮಿ ಸಾಯತೊಡಗಿತು. ಮೊದಮೊದಲು ಬಾಳೆತೋಟಕ್ಕೆ ಹೊಡೆಯುವ ಶಿಲೀಂಧ್ರನಾಶಕದ ಮೇಲೆ ಗುಮಾನಿ ಹೋಯಿತು, ಆಮೇಲೆ ವೈರಸ್ ಎಂದು ಗೊತ್ತಾಯಿತು. ಬದುಕಿ ಉಳಿದ ಕುಟುಂಬಗಳನ್ನು ಆರಿಸಿ, ಮತ್ತೆ ವೈರಸ್ ತಾಗಿಸಿ, ಮತ್ತೆ ಆರಿಸಿ ಕೆಲವೇ ತಲೆಮಾರಿನಲ್ಲಿ ಟೌರಾ ತಡೆಯುವ ತಳಿ ಸಿಕ್ಕಿತು. ಆದರೆ ಟೌರಾ ವೈರಸ್ಸಿನ ಉದ್ದ ಸುಮಾರು 10 ಸಾವಿರ ಅಕ್ಷರ. ವೈಟ್ ಸ್ಪಾಟ್ ಅದರ ಮೂವತ್ತು ಪಟ್ಟು.

ಎರಡನೇ ಕಥೆ ಎಚ್ಚರಿಕೆಯದು. ನೀಲಿ ಸಿಗಡಿ ಎಂಬ ಇನ್ನೊಂದು ಜಾತಿಯಲ್ಲಿ ಐಎಚ್‌ಎಚ್‌ಎನ್‌ವಿ ಎಂಬ ವೈರಸ್ಸನ್ನು ತಡೆಯುವ ತಳಿ ಬಂತು, ‘ಸೂಪರ್ ಶ್ರಿಂಪ್’ ಎಂದೇ ಅದಕ್ಕೆ ಹೆಸರು. ಮೆಕ್ಸಿಕೊದಲ್ಲಿ ಅದನ್ನು ಬೆಳೆದರು. 1999ರಲ್ಲಿ ಅಲ್ಲಿಗೆ ವೈಟ್ ಸ್ಪಾಟ್ ಬಂದಾಗ ಆ ಸೂಪರ್ ಎಂಬ ಹೆಸರು ಉಪಯೋಗಕ್ಕೆ ಬರಲಿಲ್ಲ. ಒಂದು ವೈರಸ್ಸಿಗೆ ಗಟ್ಟಿ ಎಂದರೆ ಆ ಒಂದಕ್ಕೆ ಮಾತ್ರ. ಏಜೆಂಟರನ್ನು ‘ಯಾವ ವೈರಸ್ಸಿಗೆ?’ ಎಂದು ಕೇಳಿ ನೋಡಿ. ‘ಎಲ್ಲದಕ್ಕೂ’ ಎಂದರೆ ಅಲ್ಲಿಗೆ ಮಾತು ಮುಗಿಸಿ, ಚಹಾ ಕೊಟ್ಟು ಕಳಿಸಿ.

ವೈಟ್ ಸ್ಪಾಟ್ ವಿಷಯದಲ್ಲಿ ಇದುವರೆಗೆ ನಾನು ಓದಿದ ಒಳ್ಳೆಯ ಲೆಕ್ಕ 2020ರಲ್ಲಿ ಪ್ರಕಟವಾದ ಒಂದು ವನ್ನಾಮಿ ಪ್ರಯೋಗದ್ದು. ಅದರಲ್ಲಿ ಒಂದೇ ಒಂದು ಜೀನ್ ನೋಡಿ ಆರಿಸಲಿಲ್ಲ. ಪ್ರತಿ ಸಿಗಡಿಯ ಡಿಎನ್‌ಎಯಲ್ಲಿ 18 ಸಾವಿರಕ್ಕೂ ಹೆಚ್ಚು ಗುರುತುಗಳನ್ನು ಓದಿ, ಅವೆಲ್ಲದರ ಒಟ್ಟು ಅಂಕದ ಮೇಲೆ ತಂದೆ-ತಾಯಿಗಳನ್ನು ಆರಿಸಿದರು. ಮರಿಗಳಿಗೆ ವೈರಸ್ ತಾಗಿಸಿ 23 ದಿನ ಕಾದರು. ಕಡಿಮೆ ಅಂಕದ ತಂದೆ-ತಾಯಿಗಳ ಮರಿಗಳಲ್ಲಿ 100ಕ್ಕೆ 25 ಉಳಿದವು, ಆರಿಸದೆ ಜೋಡಿ ಮಾಡಿದ್ದರಲ್ಲಿ 38, ಹೆಚ್ಚು ಅಂಕದವುಗಳ ಮರಿಗಳಲ್ಲಿ 51.

ಈ ಮೂರು ಸಂಖ್ಯೆಗಳನ್ನು ಎರಡು ಸಲ ಓದಿ. ತಳಿಯಿಂದ ವ್ಯತ್ಯಾಸ ಆಗುತ್ತದೆ, ಅದೂ ಒಂದೇ ತಲೆಮಾರಿನಲ್ಲಿ ಇಷ್ಟು. ನಿಜಕ್ಕೂ ದೊಡ್ಡ ಸಾಧನೆ. ಆದರೆ ಅತ್ಯುತ್ತಮ ಗುಂಪಿನಲ್ಲೂ ವೈರಸ್ ತಾಗಿದ ಮೇಲೆ ಅರ್ಧ ಸತ್ತಿವೆ. ಅಂಥ ಮರಿ ನಿಮಗೆ ಸಿಕ್ಕರೂ ‘ತಾಗುವುದೇ ಇಲ್ಲ’ ಎಂಬ ಮಾತಿಗೂ ಈ ಲೆಕ್ಕಕ್ಕೂ ಸಂಬಂಧವಿಲ್ಲ. ಕೊಲಂಬಿಯಾದಲ್ಲಿ 2005ರ ಸುಮಾರಿಗೆ ನಡೆದ ಹಳೆಯ ಅಧ್ಯಯನದಲ್ಲಂತೂ ವೈಟ್ ಸ್ಪಾಟ್ ತಡೆಯುವ ಕುಟುಂಬಗಳು ಬೆಳವಣಿಗೆಯಲ್ಲಿ ಹಿಂದೆ ಬೀಳುತ್ತಿದ್ದವು. ಕಾವಲಿಗೆ ಖರ್ಚಾದ ಶಕ್ತಿ ಮೈಗೆ ಹತ್ತುವುದಿಲ್ಲ ಎನ್ನೋಣ. 50 ಕೌಂಟಿಗೆ (ಕೆಜಿಗೆ 50 ಸಿಗಡಿ ತೂಗುವಾಗ) ಹಿಡಿಯುವ ಲೆಕ್ಕ ಹಾಕಿದವರಿಗೆ ಇದು ಸಣ್ಣ ಮಾತಲ್ಲ.

ನಮ್ಮ ದೇಶದಲ್ಲೂ ಕೆಲಸ ಆಗಿದೆ. ಕೋಲ್ಕತ್ತದ ಬೋಸ್ ಇನ್‌ಸ್ಟಿಟ್ಯೂಟ್‌ನವರು 2009ರ ಸುಮಾರಿಗೆ ಟೈಗರ್ ಸಿಗಡಿಯಲ್ಲಿ ರೋಗ ತಡೆಯುವವನ್ನು ಗುರುತಿಸಲು ಡಿಎನ್‌ಎ ಗುರುತೊಂದನ್ನು ಕಂಡುಹಿಡಿದರು. ಒಳ್ಳೆಯ ಕೆಲಸ. ಆದರೆ ಅದು ಗುರುತು, ಜೀನ್ ಅಲ್ಲ. ಊರಿನ ದಾರಿಗೆ ಆಲದ ಮರ ಗುರುತಾಗಬಹುದು, ಮರವೇ ಊರಲ್ಲ. ಮತ್ತು ಅದು ಟೈಗರ್, ನಿಮ್ಮದು ವನ್ನಾಮಿ. ಇಂಥ ಸಂಶೋಧನೆಯ ಸುದ್ದಿ ತುಂಡುತುಂಡಾಗಿ ಕೈಯಿಂದ ಕೈಗೆ ಬಂದು, ಕೊನೆಗೆ ಏಜೆಂಟರ ಬಾಯಲ್ಲಿ ‘ಜೀನ್ ಮರಿ’ ಆಗುತ್ತದೆ.

ತಾಳಿಕೊಳ್ಳುವುದು ಬೇರೆ, ತಡೆಯುವುದು ಬೇರೆ

ಹೊಳೆಯಲ್ಲಿರುವ ಏಡಿ, ಸಿಗಡಿ ಯಾಕೆ ಸಾಯುವುದಿಲ್ಲ, ಅವುಗಳ ಜೀನ್ ಗಟ್ಟಿಯೇ ಎಂದು ನಿಮ್ಮ ಕಡೆಯ ಇನ್ನೊಬ್ಬರು ಹಿಂದೆ ಕೇಳಿದ್ದರು. ಮಂಗಳೂರಿನ ಮೀನುಗಾರಿಕಾ ಕಾಲೇಜಿನ ತಂಡ 1999ರಲ್ಲೇ ನಮ್ಮ ದೇಶದ ಸಾಕಿದ ಸಿಗಡಿಯಲ್ಲಷ್ಟೇ ಅಲ್ಲ, ಸಮುದ್ರ-ಹಿನ್ನೀರಿನ ಏಡಿ ಸಿಗಡಿಗಳಲ್ಲೂ ಈ ವೈರಸ್ ಇರುವುದನ್ನು ಪಿಸಿಆರ್‌ನಿಂದ ತೋರಿಸಿತ್ತು. ಅವು ಬದುಕಿವೆ, ವೈರಸ್ಸೂ ಬದುಕಿದೆ. ಥಾಯ್ಲೆಂಡಿನಲ್ಲಿ ನೆಲೆಸಿ ಕೆಲಸ ಮಾಡಿದ ತಿಮೊಥಿ ಫ್ಲೆಗೆಲ್ ಇದನ್ನೇ ‘ವೈರಸ್ಸಿನೊಂದಿಗೆ ಹೊಂದಾಣಿಕೆ’ ಎಂದು 1990ರ ದಶಕದಿಂದ ವಾದಿಸುತ್ತ ಬಂದರು. ಸಿಗಡಿ ವೈರಸ್ಸಿನ ಚೂರುಗಳನ್ನು ತನ್ನದೇ ಡಿಎನ್‌ಎಯಲ್ಲಿ ಹೊಲಿದುಕೊಂಡು, ಅದನ್ನೇ ನಕ್ಷೆಯಾಗಿ ಬಳಸಿ ವೈರಸ್ಸನ್ನು ಹದ್ದುಬಸ್ತಿನಲ್ಲಿಡುತ್ತದೆ ಎನ್ನುವುದು ಅವರ ಊಹೆ. ಮೊದಲು ಇದನ್ನು ಕೇಳಿದಾಗ ನನಗೂ ನಗು ಬಂದಿತ್ತು. ಈಗ ಅದಕ್ಕೆ ಪುರಾವೆ ಸೇರುತ್ತಿದೆ. ಆಸ್ಟ್ರೇಲಿಯಾ ಮತ್ತು ಆಫ್ರಿಕಾದ ಟೈಗರ್ ಸಿಗಡಿಗಳ ಡಿಎನ್‌ಎಯಲ್ಲೇ ಐಎಚ್‌ಎಚ್‌ಎನ್‌ವಿ ವೈರಸ್ಸಿನ ಚೂರು ಕೂತಿರುವುದು 2006ರಲ್ಲಿ ಗೊತ್ತಾಯಿತು. ರೋಗವಿಲ್ಲದ ಸಿಗಡಿಯೂ ಹಾಗಾಗಿ ಕೆಲವು ಪಿಸಿಆರ್‌ಗಳಲ್ಲಿ ಪಾಸಿಟಿವ್ ಬರುತ್ತಿತ್ತು.

ನಿಮಗೆ ಇದರಿಂದ ಏನು? ಈಕ್ವೆಡಾರಿನವರು 1999ರ ವೈಟ್ ಸ್ಪಾಟ್ ಹೊಡೆತದ ನಂತರ ಬದುಕಿ ಉಳಿದ ಸಿಗಡಿಗಳಿಂದಲೇ ತಳಿ ಕಟ್ಟಿದರು, ಹೊಂಡದಲ್ಲಿ ದಟ್ಟಣೆ ಕಡಿಮೆ ಇಟ್ಟರು, ಇಂದು ಜಗತ್ತಿಗೇ ಸಿಗಡಿ ಕಳಿಸುತ್ತಾರೆ. ಅದು ತಾಳಿಕೊಳ್ಳುವ ತಳಿ. ವೈರಸ್ ಹೊತ್ತುಕೊಂಡೇ ಬೆಳೆಯುತ್ತದೆ. ವಿಶಾಲ ಹೊಂಡ, ಕಡಿಮೆ ಮರಿ, ಬೆಚ್ಚನೆ ನೀರು ಇದ್ದಲ್ಲಿ ಆ ಲೆಕ್ಕ ಹೊಂದುತ್ತದೆ. ಅಘನಾಶಿನಿಯ ಅಂಚಿನಲ್ಲಿ ಹೊಂಡಕ್ಕೆ ಹೊಂಡ ಅಂಟಿಕೊಂಡು, ನಾನು ಬಿಟ್ಟ ನೀರನ್ನು ನೀವು ಭರತದಲ್ಲಿ ಎತ್ತಿಕೊಳ್ಳುವ ಕಡೆ, ನನ್ನ ಹೊಂಡದ ತಾಳಿಕೊಳ್ಳುವ ಸಿಗಡಿ ನಿಮ್ಮ ಹೊಂಡದ ಎಸ್‌ಪಿಎಫ್ ಮರಿಗೆ ಯಮ. ಏಜೆಂಟರ ಮರಿ ಒಂದು ವೇಳೆ ನಿಜವಾಗಿಯೂ ತಾಳಿಕೊಳ್ಳುವ ತಳಿಯೇ ಆಗಿದ್ದರೆ, ಪಕ್ಕದವರಿಗೆ ಹೇಳಿಯೇ ಹಾಕಬೇಕು.

ಪಿಸಿಆರ್ ನೆಗೆಟಿವ್, ಎಸ್‌ಪಿಎಫ್, ಮತ್ತೂ ರೋಗ ಬಂತು ಯಾಕೆ

ಎಸ್‌ಪಿಎಫ್ ಎಂದರೆ ಮಡಿ ಮರಿ. ಪಟ್ಟಿ ಮಾಡಿದ ರೋಗಾಣುಗಳು ಇಲ್ಲದ ತಂದೆ-ತಾಯಿಯಿಂದ ಬಂದದ್ದು ಎಂದಷ್ಟೇ ಅರ್ಥ. ಮಡಿಯಲ್ಲಿರುವುದು ಬೇರೆ, ಗಟ್ಟಿಮುಟ್ಟಾಗಿರುವುದು ಬೇರೆ. ನಿಮ್ಮ ಹೊಂಡದ ನೀರು ಮೈಲಿಗೆಯಾಗಿದ್ದರೆ ಇಳಿದ ಗಳಿಗೆಗೆ ಮಡಿ ಮುಗಿಯಿತು. 2009ರಲ್ಲಿ ನಮ್ಮ ದೇಶಕ್ಕೆ ವನ್ನಾಮಿ ಬಿಟ್ಟಾಗ ಎಸ್‌ಪಿಎಫ್ ತಾಯಿ ಸಿಗಡಿ ಮಾತ್ರ, ಅದೂ ಚೆನ್ನೈನ ನೀಲಾಂಕರೈನ ಕ್ವಾರಂಟೈನ್ ಕೇಂದ್ರದ ಮೂಲಕ ಎಂದು ನಿಯಮ ಮಾಡಿದ್ದು, ದೇಶದೊಳಗೆ ಹೊಸ ರೋಗ ಬರದಿರಲಿ ಎಂದು. ನಮ್ಮಲ್ಲಿ ಮೊದಲೇ ಇದ್ದ ರೋಗವನ್ನು ಅದು ಓಡಿಸುತ್ತದೆ ಎಂದು ಯಾರೂ ಹೇಳಿರಲಿಲ್ಲ. ವೈಟ್ ಸ್ಪಾಟ್ 1994-95ರಲ್ಲೇ ಬಂದು ನಮ್ಮ ಟೈಗರ್ ಬೆಳೆಗಾರರನ್ನು ಮುಳುಗಿಸಿತ್ತು. ‘ಟೈಗರ್ ನಮ್ಮದು, ಗಟ್ಟಿ; ವನ್ನಾಮಿ ಪರದೇಶಿ, ಅದಕ್ಕೇ ರೋಗ’ ಎನ್ನುವವರಿಗೆ ಆ ವರ್ಷಗಳು ಮರೆತಿವೆ ಅನ್ನಿಸುತ್ತದೆ.

ಇನ್ನು ಕಾಗದದ ಎಸ್‌ಪಿಎಫ್. ಹೊಂಡದಲ್ಲೇ ಬೆಳೆದ ಸಿಗಡಿಯನ್ನು ತಾಯಿ ಮಾಡಿ ಮರಿ ತೆಗೆಯುವುದು ಕಾನೂನಿಗೆ ವಿರುದ್ಧ, ಆದರೂ ಅಲ್ಲಲ್ಲಿ ನಡೆಯುತ್ತದೆ. ಅಲ್ಲಿ ವೈರಸ್ ತಾಯಿಯಿಂದ ಮರಿಗೆ ದಾಟುವ ಅಪಾಯ ಒಂದಾದರೆ, ಅಣ್ಣ-ತಂಗಿ ಕೂಡುವ ಅಪಾಯ ಇನ್ನೊಂದು. ಕಂಪನಿಗಳು ಮಾರುವ ತಾಯಿ ಸಿಗಡಿಯಿಂದ ಬಂದ ಮರಿಗಳನ್ನೇ ಮತ್ತೆ ಜೋಡಿ ಮಾಡಿದರೆ ರಕ್ತಸಂಬಂಧ ಬೇಗ ಹತ್ತಿರವಾಗುತ್ತದೆ. ಹಾಗೆ ಹುಟ್ಟಿದವು ರೋಗಕ್ಕೆ ಬೇಗ ಬೀಳುತ್ತವೆ ಎಂದು ಕೆನಡಾದ ತಳಿವಿಜ್ಞಾನಿ ರೋಜರ್ ಡಾಯ್ಲ್ 2016ರಲ್ಲಿ ವಿವರವಾಗಿ ಎಚ್ಚರಿಸಿದ್ದರು. ಜೀನ್ ಬಗ್ಗೆ ನಿಮಗೆ ನಿಜವಾಗಿ ಚಿಂತೆ ಇದ್ದರೆ ಕೇಳಬೇಕಾದ ಪ್ರಶ್ನೆ ಇದೇ: ಈ ಮರಿಯ ತಾಯಿ ಯಾವುದು, ಯಾವ ತಾರೀಕಿಗೆ ಕ್ವಾರಂಟೈನಿನಿಂದ ಬಂತು, ಕಾಗದ ತೋರಿಸಿ. ತೋರಿಸುವ ಹ್ಯಾಚರಿಗಳಿವೆ. 15 ಪೈಸೆ ಹೆಚ್ಚು ಕೊಡುವುದಿದ್ದರೆ ಆ ಕಾಗದಕ್ಕೆ ಕೊಡಿ.

ಪಿಸಿಆರ್ ಲೆಕ್ಕ ಇನ್ನೂ ಸರಳ. ನೂರರಲ್ಲಿ ಒಂದು ಮರಿಗೆ ವೈರಸ್ ಇದೆ ಎನ್ನಿ. ನಿಮ್ಮ ಒಂದು ಹೊಂಡದಲ್ಲೇ ಅದು 1,600 ಮರಿ. ಪರೀಕ್ಷೆಗೆ ಬರಿಯ 30 ಮರಿ ಕೊಟ್ಟರೆ, ಆ 30ರಲ್ಲಿ ರೋಗದ ಮರಿ ಒಂದೂ ಇರದಿರುವ ಸಾಧ್ಯತೆ 100ಕ್ಕೆ 74. ನೆಗೆಟಿವ್ ಬರದೆ ಇನ್ನೇನು ಬರುತ್ತದೆ? 150 ಮರಿ ಕೊಟ್ಟರೆ ಆ ಸಾಧ್ಯತೆ 22ಕ್ಕೆ ಇಳಿಯುತ್ತದೆ, 300 ಕೊಟ್ಟರೆ 5ಕ್ಕೆ. ರಿಪೋರ್ಟಿನಲ್ಲಿ ಎಷ್ಟು ಮರಿ ತೆಗೆದಿದ್ದಾರೆ, ಎರಡು ಹಂತದ ನೆಸ್ಟೆಡ್ ಪಿಸಿಆರೋ ಒಂದೇ ಹಂತದ್ದೋ ನೋಡಿ. ಮರಿಯನ್ನು ಟ್ಯಾಂಕಿನ ತಳದಿಂದ, ಮೂಲೆಗಳಿಂದ ನೀವೇ ತೆಗೆದು ನೀವೇ ಲ್ಯಾಬಿಗೆ ಕೊಡಿ. ಅವರು ತೆಗೆದು ಕೊಟ್ಟದ್ದು ಅವರ ಸಿಗಡಿಯ ರಿಪೋರ್ಟ್.

ಪಕ್ಕದವರು ಹೇಗೆ ಗೆದ್ದರು

ಒಂದೇ ಲೋಡಿನ ಮರಿ ಎಂದಮೇಲೆ ಇಬ್ಬರ ಜೀನ್ ಹೆಚ್ಚುಕಡಿಮೆ ಒಂದೇ. ಹಾಗಾಗಿ ಉತ್ತರ ಜೀನಿನಲ್ಲಿಲ್ಲ. ಅವರನ್ನು ಕೇಳಿ: ಮರಿ ಬಿಡುವ ಮುಂಚೆ ನೀರಿಗೆ ಬ್ಲೀಚಿಂಗ್ ಹಾಕಿದ್ದರೇ? ಏಡಿ ಬೇಲಿ ಇತ್ತೇ? ಹೊಂಡ ಎಷ್ಟು ಆಳ? ನೀರು ಎಷ್ಟು ಸಲ ಬದಲಾಯಿಸಿದರು? ನನ್ನ ಅನುಭವದಲ್ಲಿ ಗೆದ್ದವರ ಹೊಂಡ ಕೈಯಷ್ಟು ಆಳ ಹೆಚ್ಚಿರುತ್ತದೆ ಮತ್ತು ಅವರು ಹೊಳೆಯ ನೀರನ್ನು ಕಡಿಮೆ ಮುಟ್ಟಿರುತ್ತಾರೆ.

ಆಳ ಯಾಕೆ ಎಂದರೆ ಉಷ್ಣತೆ. ವೈಟ್ ಸ್ಪಾಟ್ ತಾಗಿಸಿದ ವನ್ನಾಮಿಯನ್ನು 26 ಡಿಗ್ರಿಯ ಸುಮಾರಿನ ನೀರಿನಲ್ಲಿ ಇಟ್ಟಾಗ ಎಲ್ಲವೂ ಸತ್ತು, 32 ದಾಟಿದ ನೀರಿನಲ್ಲಿಟ್ಟವು ಬಹುಪಾಲು ಉಳಿದದ್ದು 2001ರಷ್ಟು ಹಿಂದೆಯೇ ಗೊತ್ತಾಗಿದೆ. ಅದೇ ಸಿಗಡಿ, ಅದೇ ಜೀನ್, ಅದೇ ವೈರಸ್. ನಿಮ್ಮ ಹೊಂಡದಲ್ಲಿ ಡಿಸೆಂಬರಿನ ಬೆಳಗಿನ ಐದು ಗಂಟೆಗೆ ನೀರು ಎಷ್ಟು ಡಿಗ್ರಿ ಇತ್ತು? ಮಧ್ಯಾಹ್ನದ ಅಳತೆ ಬೇಡ. ತೆಳು ನೀರಿನ ಹೊಂಡ ರಾತ್ರಿ ಬೇಗ ತಣಿಯುತ್ತದೆ.

ಹಾಗಾದರೆ ಮುಂದಿನ ಬೆಳೆ

ನಾನಾಗಿದ್ದರೆ ಮೂರರಲ್ಲಿ ಒಂದು ಹೊಂಡಕ್ಕೆ ಮರಿಯನ್ನೇ ಬಿಡುತ್ತಿರಲಿಲ್ಲ. ಅದನ್ನು ನೀರಿನ ಹೊಂಡ ಮಾಡಿ. ಹೊಳೆಯ ನೀರು ಮೊದಲು ಸಣ್ಣ ಕಣ್ಣಿನ ಬಲೆ ದಾಟಿ ಅಲ್ಲಿಗೆ ಬರಲಿ. ಒಂದು ಎಕರೆ, ಒಂದು ಮೀಟರ್ ಆಳಕ್ಕೆ 60 ಪಿಪಿಎಂ (ಹತ್ತು ಲಕ್ಷ ಪಾಲಿಗೆ 60 ಪಾಲು) ಎಂದರೆ ಸುಮಾರು 240 ಕೆಜಿ ಬ್ಲೀಚಿಂಗ್ ಪುಡಿ. ವಾಸನೆ ಪೂರ್ತಿ ಹೋಗುವವರೆಗೆ ಕಾದು, ಕ್ಲೋರಿನ್ ಉಳಿದಿಲ್ಲ ಎಂದು ಪರೀಕ್ಷಿಸಿ, ಆಮೇಲೆ ಸಾಕುವ ಹೊಂಡಕ್ಕೆ ಏರಿಸಿ. ಮೂರನೇ ಒಂದು ಜಾಗ ಹೋಯಿತಲ್ಲ ಎಂದು ಹೊಟ್ಟೆ ಉರಿಯುತ್ತದೆ, ಗೊತ್ತು. ಎರಡು ಬೆಳೆಯಲ್ಲಿ ಮೂರಕ್ಕೆ ಮೂರೂ ಹೋಗಿದೆ ಎನ್ನುವುದನ್ನೂ ಲೆಕ್ಕಕ್ಕೆ ತಗೊಳ್ಳಿ. ಈ ದಾರಿಯ ಅಪಾಯ ಒಂದೇ: ಏಡಿ. ಏಡಿ ವೈರಸ್ ಹೊತ್ತೂ ಸಾಯುವುದಿಲ್ಲ, ದಂಡೆ ಹತ್ತಿ ನಡೆದುಬರುತ್ತದೆ. ಗಜನಿಯ ಹಳೆಯ ತೂಬಿನ ಹಲಗೆ ಸಂದಿಯಲ್ಲಿ ನಾನೇ ಕೈಹಾಕಿ ಒಂದು ಬೆಳಿಗ್ಗೆ ಹನ್ನೊಂದು ಏಡಿ ತೆಗೆದಿದ್ದೇನೆ, ಅದೂ ‘ನಮ್ಮಲ್ಲಿ ಏಡಿ ಇಲ್ಲ ಸರ್’ ಎಂದವರ ಹೊಂಡದಲ್ಲಿ. ಸುತ್ತಲೂ ಮೊಣಕಾಲೆತ್ತರ ಪ್ಲಾಸ್ಟಿಕ್ ಬೇಲಿ, ಮೇಲೆ ಹಕ್ಕಿಗೆ ದಾರ. ನಿಮ್ಮ 72 ಸಾವಿರ ಇಲ್ಲಿ ಹೋಗಲಿ.

ಮರಿ ಬಿಡುವ ಕಾಲ ಬದಲಿಸಿ. ಫೆಬ್ರುವರಿ ಮೊದಲ ವಾರದಲ್ಲಿ ಬಿಟ್ಟರೆ 110 ದಿನಕ್ಕೆ ಮೇ ಕೊನೆ, ಮಳೆಗೆ ಮುಂಚೆ ಕೈಗೆ ಬರುತ್ತದೆ, ಇಡೀ ಬೆಳೆ ಬಿಸಿಲಿನ ದಿನಗಳಲ್ಲಿ. ವರ್ಷಕ್ಕೆ ಒಂದೇ ಬೆಳೆ ಆಗುತ್ತದೆ. ಬಿಸಿಲು ಹೆಚ್ಚಾದಾಗ ವಿಬ್ರಿಯೊ ಬ್ಯಾಕ್ಟೀರಿಯಾ ತೊಂದರೆ ಕೊಡುತ್ತದೆ, ಏರಿಯೇಟರ್ ಬಿಲ್ ಏರುತ್ತದೆ. ಇದು ಈ ಆಯ್ಕೆಯ ಬೆಲೆ. ಚದರ ಮೀಟರಿಗೆ 40ರ ಬದಲು 20-25 ಮರಿ ಸಾಕು.

ಮೂರನೆಯದು, ಸಾಲದ ಒತ್ತಡ ತಡೆಯುವಷ್ಟು ಉಸಿರು ನಿಮಗಿದ್ದರೆ, ಒಂದು ಬೆಳೆ ಸಿಗಡಿಯನ್ನೇ ಬಿಟ್ಟು ಹೂಮೀನು ಅಥವಾ ಸೀಬಾಸ್ ಹಾಕುವುದು. ಈ ವೈರಸ್ಸಿಗೆ ಮೀನಿನ ಮೈ ಬೇಡ, ಅದಕ್ಕೆ ಸಿಗಡಿ-ಏಡಿ ವಂಶವೇ ಬೇಕು. ಲಾಭ ಕಡಿಮೆ, ಸೀಬಾಸಿಗೆ ಫೀಡ್ ದುಬಾರಿ. ಆದರೆ ನೆಲ ಒಂದು ವರ್ಷ ಸುಮ್ಮನಾಗುತ್ತದೆ. ನಿಮ್ಮ ಗಜನಿ ಇನ್ನೂ ಉಪ್ಪು ತಾಳುವ ಕಗ್ಗ ಭತ್ತ ಹಿಡಿಯುವ ಸ್ಥಿತಿಯಲ್ಲಿದ್ದರೆ ಮಳೆಗಾಲಕ್ಕೆ ಅದನ್ನೂ ಯೋಚಿಸಿ, ನಿಮ್ಮ ಅಪ್ಪ ಮಾಡುತ್ತಿದ್ದದ್ದು ಅದೇ ಅಲ್ಲವೇ.

ಮತ್ತೆ ರೋಗ ಬಂದರೆ ತೂಬು ಮಾತ್ರ ತೆಗೆಯಬೇಡಿ. ಹಿಡಿಯುವಷ್ಟು ದೊಡ್ಡದಾಗಿದ್ದರೆ ಬೀಸುಬಲೆಯಲ್ಲಿ ಹಿಡಿಯಿರಿ. ಮನುಷ್ಯರಿಗೆ ಈ ವೈರಸ್ ಏನೂ ಮಾಡುವುದಿಲ್ಲ, ತಿನ್ನಬಹುದು. ತಲೆ-ಚಿಪ್ಪು ತೊಳೆದ ನೀರು ಹೊಳೆಗೆ ಹೋಗಬಾರದು. ಉಳಿದ ನೀರಿಗೆ ಬ್ಲೀಚಿಂಗ್ ಹಾಕಿ ಕನಿಷ್ಠ ಒಂದು ವಾರ ಹಿಡಿದಿಡಿ. ಪಕ್ಕದ ಹೊಂಡಗಳವರಿಗೆ ಅದೇ ದಿನ ಫೋನ್ ಮಾಡಿ. ಮುಚ್ಚಿಟ್ಟವರ ವೈರಸ್ ಒಂದು ಸುತ್ತು ಹೊಡೆದು ಅವರದೇ ತೂಬಿಗೆ ವಾಪಸ್ ಬಂದದ್ದನ್ನು ಕಂಡಿದ್ದೇನೆ.

ಕೊನೆಗೆ, ಈಗಲೇ ಮಾಡಬೇಕಾದ್ದೊಂದು ಇದೆ. ಹೊಂಡ ಬತ್ತಿಸಿದ್ದೀರಿ ಎಂದುಕೊಳ್ಳುತ್ತೇನೆ. ಚೆನ್ನೈನ ಉಪ್ಪುನೀರು ಮೀನು ಕೃಷಿ ಸಂಸ್ಥೆ, ಅದೇ ಸಿಬಾ, ನಡೆಸಿದ ಅಧ್ಯಯನದಲ್ಲಿ ಬಿಸಿಲಿಗೆ ಒಣಗಿಸಿದ ಹೊಂಡದ ಮಣ್ಣಿನಲ್ಲೂ ಈ ವೈರಸ್ 19 ದಿನ ರೋಗ ತರಿಸುವ ಶಕ್ತಿ ಉಳಿಸಿಕೊಂಡಿತ್ತು, ನೀರು ನಿಂತ ಮಣ್ಣಿನಲ್ಲಿ 35 ದಿನ. ಗಜನಿ ಹೊಂಡದ ತೂಬಿನ ಬಾಯಲ್ಲಿ, ಏರಿಯೇಟರ್ ಕೊರೆದ ಗುಳಿಗಳಲ್ಲಿ ಯಾವಾಗಲೂ ಸ್ವಲ್ಪ ನೀರು ನಿಂತೇ ಇರುತ್ತದೆ. ನಾಳೆ ಬೆಳಿಗ್ಗೆ ಹೋಗಿ ಆ ಗುಳಿಗಳನ್ನು ಬಕೆಟಿನಲ್ಲಿ ಎತ್ತಿ ಒಣಗಿಸಿ, ಅಲ್ಲಿ ಸಿಕ್ಕ ಏಡಿಯನ್ನು ಹೊಳೆಗೆ ಎಸೆಯದೆ ಸುಣ್ಣ ಹಾಕಿ ಹೂತುಬಿಡಿ. ದಿನ ಎಣಿಸುವುದನ್ನು ಆಮೇಲೆ ಶುರು ಮಾಡಿ.